ತಗಡಿನ ಮನೆಯಲ್ಲಿ ಮಾಗಿಯ ಚಳಿ

(ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಚಳಿಗಾಲದಲ್ಲಿ ವ್ಯಾನಿನೊಳಗೆ ಬೆಚ್ಚಗೆ ಮಲಗುವುದರ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕಾಫಿ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ರಿಪೇರಿ ಮಾಡುವವನು. ವ್ಯಾನಿನಲ್ಲಿ ಬದುಕಬೇಕೆಂದು ಆಸೆಪಟ್ಟು ಅದರೊಳಗೆ ಮನೆ ಮಾಡಿಕೊಂಡವನಲ್ಲ, ಕೆಲಸವೇ ನನ್ನನ್ನು ಅಲ್ಲಿಗೆ ಕರೆತಂದು ಮಲಗಿಸಿತು. ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೆ ದೂರದೂರುಗಳಿಂದ ಬಂದವರೂ ಕುಳಿತಿದ್ದೀರಿ. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಹಿಡಿದರೆ ಜನವರಿಯವರೆಗೆ ನಡೆಯುತ್ತದೆ. ಅದರ ಬೆನ್ನಿಗೇ ರೋಬಸ್ಟಾ. ಕೊಯ್ದ ಹಣ್ಣನ್ನು ಅಂದೇ ಪಲ್ಪರ್‌ಗೆ ಹಾಕಬೇಕು. ರಾಶಿಯಾಗಿ ಬಿಟ್ಟರೆ ಒಳಗೊಳಗೇ ಬಿಸಿಯೇರಿ ಹುಳಿಯುತ್ತದೆ, ಕಾಫಿಯ ರುಚಿ ಕೆಡುತ್ತದೆ. ಸಂಜೆ ಏಳು ಗಂಟೆಗೆ ಪಲ್ಪರ್‌ನ ಬೇರಿಂಗ್ ಹೋಯಿತೆಂದರೆ ಬೆಳಿಗ್ಗೆ ನೋಡೋಣ ಎನ್ನುವ ಹಾಗಿಲ್ಲ. ಆಲ್ದೂರಿನಲ್ಲಿ ಒಂದು ಕೆಲಸ ಮುಗಿಯುವಷ್ಟರಲ್ಲಿ ಬಾಳೆಹೊನ್ನೂರಿನ ಕಡೆಯಿಂದ ಕರೆ ಬರುತ್ತದೆ. ನಡುರಾತ್ರಿ ಮಂಜಿನಲ್ಲಿ ಬೈಕ್ ಓಡಿಸಿಕೊಂಡು ಮನೆಗೆ ಬಂದು, ಬೆಳಕು ಹರಿಯುವ ಮುಂಚೆ ಮತ್ತೆ ಹೊರಡುವುದು ಎರಡು ಸೀಸನ್‌ಗೇ ಸಾಕಾಯಿತು. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡೆ. ಸೀಟುಗಳನ್ನು ಬಿಚ್ಚಿಸಿ ಒಂದು ಬದಿಗೆ ಸ್ಪ್ಯಾನರ್, ಬೆಲ್ಟು, ಬೇರಿಂಗ್‌ಗಳ ಪೆಟ್ಟಿಗೆ, ಇನ್ನೊಂದು ಬದಿಗೆ ಮಂಚ, ಹಿಂದೆ ಪುಟ್ಟ ಅಡುಗೆ ಕಟ್ಟೆ ಮಾಡಿಕೊಂಡೆ. ಒಂಬತ್ತು ಸೀಸನ್ ಅದರಲ್ಲಿ ಕಳೆದಿದ್ದೇನೆ. ವರ್ಷದ ಅತಿ ಚಳಿಯ ತಿಂಗಳುಗಳೇ ನನ್ನ ದುಡಿಮೆಯ ತಿಂಗಳುಗಳು. ಹಾಗಾಗಿ ಚಳಿಯ ಬಗ್ಗೆ ಮಾತನಾಡು ಎಂದಾಗ ಒಪ್ಪಿಕೊಂಡೆ.

ನಮ್ಮದೇನು ಮಹಾ ಚಳಿ ಎಂದು ಕೇಳುವವರಿದ್ದಾರೆ. ಲಡಾಖ್‌ನಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುವಾಗ ನಮ್ಮ ಹತ್ತು ಹನ್ನೆರಡು ಡಿಗ್ರಿ ಯಾವ ಲೆಕ್ಕ ಎಂಬ ಮಾತು. ಚಿಕ್ಕಮಗಳೂರು ಪಟ್ಟಣವೇ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ. ಅತ್ತಿಗುಂಡಿಯ ಕಡೆ ಜನವರಿಯ ಬೆಳಗಿನ ಜಾವ ನನ್ನ ಥರ್ಮಾಮೀಟರ್ ಎಂಟು ಡಿಗ್ರಿ ತೋರಿಸಿದ್ದುಂಟು. ಅಂಕಿ ಸಣ್ಣದಲ್ಲ, ದೊಡ್ಡದೂ ಅಲ್ಲ. ಆದರೆ ನಮ್ಮ ಚಳಿ ಒದ್ದೆ ಚಳಿ. ಮಂಜು, ಇಬ್ಬನಿ, ಒಣಗದ ಬಟ್ಟೆ, ತಣ್ಣನೆಯ ಹಾಸಿಗೆ. ಒದ್ದೆ ಬಟ್ಟೆಯಲ್ಲಿ ಹದಿನೈದು ಡಿಗ್ರಿಯೂ ಮೈಯನ್ನು ನಡುಗಿಸುತ್ತದೆ. ಇಲ್ಲಿ ಬೆಚ್ಚಗಿರಬೇಕೆಂದರೆ ಮೊದಲು ಒಣಗಿರಬೇಕು. ನಾನು ಇವತ್ತು ಹೇಳುವುದೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ.

ಮೊದಲ ವರ್ಷದ ಒಂದು ಬೆಳಗಿನಿಂದ ಶುರು ಮಾಡುತ್ತೇನೆ. ಮಲ್ಲಂದೂರಿನ ಕಡೆ ಒಂದು ತೋಟದಲ್ಲಿ ಮೂರು ರಾತ್ರಿಯ ಕೆಲಸವಿತ್ತು. ಕಬ್ಬಿಣದ ಚೌಕಟ್ಟು, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಎರಡು ಇಂಚಿನ ಫೋಮ್ ಹಾಸಿಗೆ, ಇದು ನನ್ನ ಮಂಚ. ಹೊದೆಯಲು ಎರಡು ದಪ್ಪ ರಗ್ಗು. ಎರಡನೆಯ ರಾತ್ರಿ ಮೂರು ಗಂಟೆಗೆ ಎದ್ದವನಿಗೆ ಮತ್ತೆ ಕಣ್ಣು ಮುಚ್ಚಲಾಗಲಿಲ್ಲ. ತೋಟದ ಕೆಲಸದವರ ಲೈನ್ ಮನೆಗಳ ಮುಂದೆ ಹಂಡೆಗೆ ಬೆಂಕಿ ಹಾಕಿದ್ದರು, ಹೋಗಿ ಕುಳಿತೆ. ಕೊಯ್ಲಿಗೆಂದು ಹಿರಿಯೂರಿನ ಕಡೆಯಿಂದ ಮಗ ಸೊಸೆಯೊಂದಿಗೆ ಬಂದಿದ್ದ ಅಜ್ಜಿಯೊಬ್ಬರು ಸೌದೆ ಮುಂದೂಡುತ್ತಿದ್ದರು.

“ರಾತ್ರಿ ನಿದ್ದೆ ಹತ್ತಲಿಲ್ಲವೇನಪ್ಪಾ?” ಎಂದರು.

“ಚಳಿ ಅಜ್ಜಿ. ಎರಡು ರಗ್ಗು ಹೊದ್ದರೂ ತಡೆಯಲಿಲ್ಲ.”

“ಹೊದ್ದದ್ದಿರಲಿ, ಕೆಳಗೇನು ಹಾಸಿದ್ದೆ?”

ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಎದ್ದು ವ್ಯಾನಿನವರೆಗೆ ಬಂದು, ಹಾಸಿಗೆಯ ಅಂಚನ್ನು ಎತ್ತಿ ಅಡಿಗೆ ಕೈ ಹಾಕಿದರು. ಕೈ ಹೊರತೆಗೆದು ನನ್ನ ಕೆನ್ನೆಗೆ ಮುಟ್ಟಿಸಿದರು. ಬೆರಳುಗಳು ಒದ್ದೆಯಾಗಿದ್ದವು, ಹಿಮದಂತೆ ತಣ್ಣಗಿದ್ದವು. “ನಿನ್ನ ಬಿಸಿಯನ್ನೆಲ್ಲ ಅಡಿ ಕುಡಿಯುತ್ತಿದೆ. ಕುರಿಮಂದೆಯ ಜೊತೆ ಬಯಲಿನಲ್ಲಿ ಮಲಗುವವರು ಕಂಬಳಿಯನ್ನು ಮೊದಲು ಕೆಳಗೆ ಹಾಸುತ್ತಾರೆ. ಆಮೇಲೆ ಮಿಕ್ಕದ್ದನ್ನು ಹೊದೆಯುತ್ತಾರೆ” ಎಂದರು. ಒಣಗಿದ ನಾಲ್ಕು ಗೋಣಿಚೀಲಗಳನ್ನು ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಕೇಳಿ ಕೊಡಿಸಿದರು. ಆ ರಾತ್ರಿ ಗೋಣಿಚೀಲಗಳನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟು, ಎರಡರಲ್ಲಿ ಒಂದು ರಗ್ಗನ್ನು ಬೆನ್ನಿನಡಿ ಹಾಸಿಕೊಂಡು ಮಲಗಿದೆ. ಹೊದಿಕೆ ಅರ್ಧಕ್ಕರ್ಧ ಕಡಿಮೆಯಾಗಿತ್ತು, ಆದರೂ ಬೆಳಗಿನವರೆಗೆ ಎಚ್ಚರವಾಗಲಿಲ್ಲ. ಆ ಅಜ್ಜಿಯನ್ನು ಮರುವರ್ಷ ಆ ತೋಟದಲ್ಲಿ ಹುಡುಕಿದೆ, ಅವರು ಬಂದಿರಲಿಲ್ಲ. ಅವರಿಗೆ ಸರಿಯಾಗಿ ಕೃತಜ್ಞತೆ ಹೇಳಲಾಗಲಿಲ್ಲವೆಂಬುದು ಇಂದಿಗೂ ಮನಸ್ಸಿನಲ್ಲಿದೆ.

ಅವರು ಹೇಳಿದ್ದರ ಹಿಂದಿನ ಲೆಕ್ಕವನ್ನು ನಾನು ನಿಧಾನವಾಗಿ ಕಲಿತೆ. ಮಲಗಿರುವ ಮನುಷ್ಯನ ಮೈಯಿಂದ ಸುಮಾರು 70ರಿಂದ 80 ವಾಟ್‌ನಷ್ಟು ಬಿಸಿ ಹೊರಬರುತ್ತಿರುತ್ತದೆ. ಹಳೆಯ ಕಾಲದ ತಂತಿಯ ಬಲ್ಬನ್ನು ನೆನಪು ಮಾಡಿಕೊಳ್ಳಿ, ಹತ್ತಿರ ಹತ್ತಿರ ಅಷ್ಟು. ಆ ಬಲ್ಬು ರಾತ್ರಿಯಿಡೀ ನಿಮ್ಮೊಳಗೆ ಉರಿಯುತ್ತಲೇ ಇರುತ್ತದೆ. ಹೊದಿಕೆ ಬಿಸಿಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಹಿಡಿದಿಡುತ್ತದೆ. ಹಿಡಿದಿಡುವುದೂ ಬಟ್ಟೆಯಲ್ಲ, ಬಟ್ಟೆಯ ಎಳೆಗಳ ನಡುವೆ ಅಲುಗಾಡದೆ ನಿಂತಿರುವ ಗಾಳಿ. ಮೈಯ ಭಾರಕ್ಕೆ ಫೋಮ್ ಚಪ್ಪಟೆಯಾದಾಗ ಆ ಗಾಳಿ ಹೊರಟುಹೋಗುತ್ತದೆ. ಬೆನ್ನಿಗೂ ಪ್ಲೈವುಡ್‌ಗೂ ನಡುವೆ ಉಳಿಯುವುದು ತೆಳ್ಳನೆಯ ಪದರ. ಉಣ್ಣೆ ಹಾಗಲ್ಲ, ಅದರ ಎಳೆ ಸುರುಳಿಯಾಗಿರುವುದರಿಂದ ಒತ್ತಿದರೂ ಪೂರ್ತಿ ಸೋಲುವುದಿಲ್ಲ. ಇನ್ನೊಂದು ಗುಣವೂ ಇದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ಮರುವರ್ಷ ಚಳ್ಳಕೆರೆಯಿಂದ ಕೈಮಗ್ಗದ ಎರಡು ಕರಿ ಕಂಬಳಿ ತರಿಸಿದೆ. ಚುಚ್ಚುತ್ತದೆ, ಕುರಿಯ ವಾಸನೆ ಬರುತ್ತದೆ ಎಂದು ಮನೆಯಲ್ಲಿ ಮೂಗು ಮುರಿದರು. ಎಂಟು ವರ್ಷವಾದರೂ ಅವೇ ಇವೆ. ಒಂದು ಅಡಿಗೆ, ಒಂದು ಮೇಲಕ್ಕೆ. ಚುಚ್ಚದಂತೆ ನಡುವೆ ಹತ್ತಿಯ ದುಪ್ಪಟಿ. ಸಾವಿರಾರು ರೂಪಾಯಿಯ ಮಲಗುಚೀಲ ಕೊಳ್ಳುವ ಮೊದಲು ಒಮ್ಮೆ ನಮ್ಮ ಕಂಬಳಿಯನ್ನು ನಂಬಿ ನೋಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಈಗ ನೀರಿನ ವಿಷಯ. ವ್ಯಾನಿನಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ.

ಮೊದಲ ಸೀಸನ್ ಮುಗಿದ ಮೇಲೆ ಛಾವಣಿಗೆ ಒಳಗಿನಿಂದ ಥರ್ಮೊಕೋಲ್ ಕೂರಿಸಿ, ಅದರ ಮೇಲೆ ತೆಳು ಪ್ಲೈವುಡ್ ಹೊಡೆಸಿದೆ. ಪ್ಲೈವುಡ್ಡನ್ನು ಸ್ಕ್ರೂ ಹಾಕಿ ನೇರವಾಗಿ ವ್ಯಾನಿನ ಕಬ್ಬಿಣದ ಪಟ್ಟಿಗಳಿಗೇ ಬಿಗಿಸಿದ್ದೆವು. ಡಿಸೆಂಬರ್‌ನ ಒಂದು ರಾತ್ರಿ ಹಣೆಯ ಮೇಲೆ ತಣ್ಣನೆಯ ಹನಿ ಬಿದ್ದು ಎಚ್ಚರವಾಯಿತು. ಟಾರ್ಚ್ ಹಾಕಿ ನೋಡಿದೆ. ಪ್ಲೈವುಡ್ ಪೂರ್ತಿ ಒಣಗಿತ್ತು. ಆದರೆ ಒಂದೊಂದು ಸ್ಕ್ರೂವಿನ ತಲೆಯ ಮೇಲೂ ಒಂದೊಂದು ಹನಿ ನಿಂತಿತ್ತು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಗೆ ಅಂಟಿಕೊಂಡಿರುತ್ತವಲ್ಲ, ಹಾಗೆ. ಆರು ಸಾಲು ಸ್ಕ್ರೂ, ಆರು ಸಾಲು ಹನಿ. ಬೆರಳಿನಿಂದ ಒಂದನ್ನು ಒರೆಸಿದೆ. ನೋಡುತ್ತಿದ್ದಂತೆ ಲೋಹ ಮೊದಲು ಮಸುಕಾಯಿತು, ಕಾಲು ಗಂಟೆಯಲ್ಲಿ ಮತ್ತೆ ಸಣ್ಣ ಹನಿ ಕಟ್ಟಿತು.

ಅಲ್ಲಿ ನಡೆಯುತ್ತಿದ್ದುದು ಇದು. ಸ್ಕ್ರೂ ಕಬ್ಬಿಣದ ಪಟ್ಟಿಯನ್ನು ಮುಟ್ಟಿದೆ, ಪಟ್ಟಿ ಹೊರಗಿನ ತಗಡನ್ನು ಮುಟ್ಟಿದೆ, ತಗಡು ಬಯಲಿನ ಚಳಿಯನ್ನು ಮುಟ್ಟಿದೆ. ಉಕ್ಕು ಥರ್ಮೊಕೋಲ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಸುಲಭವಾಗಿ ಬಿಸಿಯನ್ನು ಸಾಗಿಸುತ್ತದೆ. ಎಷ್ಟೇ ದಪ್ಪ ಹೊದಿಕೆ ಹಾಕಿ, ನಡುವೆ ಒಂದು ಸ್ಕ್ರೂ ದಾಟಿದರೂ ಅದು ಚಳಿಗೆ ಹಾಕಿಕೊಟ್ಟ ಸೇತುವೆ. ಒಳಗಿನ ಗಾಳಿಯಲ್ಲಿರುವ ತೇವ ಅತಿ ತಣ್ಣಗಿರುವ ಜಾಗವನ್ನು ಹುಡುಕಿಕೊಂಡು ಹೋಗಿ ಅಲ್ಲೇ ನೀರಾಗುತ್ತದೆ.

ತೇವ ಎಲ್ಲಿಂದ ಬಂತು? ನನ್ನಿಂದಲೇ. ಉಸಿರು, ಬೆವರು ಸೇರಿ ಒಬ್ಬ ಮನುಷ್ಯ ರಾತ್ರಿಯೊಂದರಲ್ಲಿ ಸುಮಾರು ಕಾಲು ಲೀಟರ್ ನೀರನ್ನು ಗಾಳಿಗೆ ಬಿಡುತ್ತಾನೆ, ಇಬ್ಬರಿದ್ದರೆ ಅರ್ಧ ಲೀಟರ್. ಇಪ್ಪತ್ತು ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ಹತ್ತು ಡಿಗ್ರಿಗೆ ಇಳಿದರೆ ಒಂಬತ್ತು ಚಿಲ್ಲರೆ ಗ್ರಾಂ ಮಾತ್ರ. ನನ್ನ ವ್ಯಾನಿನೊಳಗಿನ ಗಾಳಿ ಹತ್ತು ಘನ ಮೀಟರ್ ಆದೀತು. ಲೆಕ್ಕ ಹಾಕಿ ನೋಡಿ. ಕಿಟಕಿ ಬಾಗಿಲುಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ಮಲಗಿದರೆ ಆ ಕಾಲು ಲೀಟರ್ ನೀರು ಹೋಗುವುದೆಲ್ಲಿಗೆ? ಗಾಜಿಗೆ, ಸ್ಕ್ರೂಗಳಿಗೆ, ಪ್ಲೈವುಡ್ಡಿನ ಹಿಂದಿನ ತಗಡಿಗೆ, ಕೊನೆಗೆ ಹಾಸಿಗೆಯ ಅಡಿಗೆ. ಅಜ್ಜಿಯ ಬೆರಳಿಗೆ ಹತ್ತಿದ್ದು ನನ್ನದೇ ಉಸಿರು. ಇದರ ಮೇಲೆ ವ್ಯಾನಿನೊಳಗೆ ಗ್ಯಾಸ್ ಹಚ್ಚಿ ಅಡುಗೆ ಮಾಡಿದರೆ ಕೇಳಲೇಬೇಡಿ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಗ್ಯಾಸಿನಿಂದ ವ್ಯಾನನ್ನು ಬೆಚ್ಚಗೆ ಮಾಡಿಕೊಂಡೆವೆಂದು ಸಂತೋಷಪಡುವವರು ನಡುರಾತ್ರಿಯ ಹೊತ್ತಿಗೆ ಒದ್ದೆ ಗವಿಯಲ್ಲಿ ಮಲಗಿರುತ್ತಾರೆ.

ಮುಂದಿನ ಮಳೆಗಾಲದಲ್ಲಿ ಎಲ್ಲವನ್ನೂ ಬಿಚ್ಚಿದೆ. ಥರ್ಮೊಕೋಲ್‌ನ ಹಿಂದೆ ತಗಡು ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಉಜ್ಜಿ, ಬಣ್ಣ ಹೊಡೆದು, ಈ ಸಲ ಎ.ಸಿ. ಕೊಳವೆಗಳಿಗೆ ಸುತ್ತುವ ನೈಟ್ರೈಲ್ ರಬ್ಬರ್ ಹಾಳೆಯನ್ನು ಅಂಟಿಸಿದೆ. ಅದರ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿಲ್ಲದ ಕಾರಣ ನೀರಾವಿ ದಾಟಿ ತಗಡನ್ನು ಸೇರುವುದಿಲ್ಲ, ತಗಡಿಗೆ ಚರ್ಮದಂತೆ ಅಂಟಿಕೊಳ್ಳುತ್ತದೆ. ಕಬ್ಬಿಣದ ಪಟ್ಟಿಗಳ ಮೇಲೂ ಬಿಡದೆ ಅಂಟಿಸಿದೆ. ಪಟ್ಟಿಗಳಿಗೆ ಮರದ ರೀಪು ಕೂರಿಸಿ, ಪ್ಲೈವುಡ್ಡಿನ ಸ್ಕ್ರೂಗಳನ್ನು ಮರಕ್ಕೆ ಮಾತ್ರ ಹಾಕಿಸಿದೆ. ನೆಲಕ್ಕೆ ಒಂದು ಇಂಚು ದಪ್ಪದ ಗಟ್ಟಿ ಫೋಮ್ ಹಲಗೆ, ಮೇಲೆ ಪ್ಲೈವುಡ್. ಹಾಸಿಗೆಯ ಹಲಗೆಗೆ ಅಂಗೈ ಅಗಲಕ್ಕೊಂದರಂತೆ ತೂತು ಕೊರೆಸಿದೆ, ಅಡಿಗೂ ಗಾಳಿಯಾಡಲೆಂದು. ಕಿಟಕಿಗಳಿಗೆ ರಾತ್ರಿ ಒತ್ತಿ ಕೂರಿಸುವ ಫೋಮ್ ತುಂಡುಗಳಿವೆ. ಡ್ರೈವರ್ ಸೀಟಿಗೂ ನನ್ನ ಹಾಸಿಗೆಗೂ ನಡುವೆ ದಪ್ಪ ಜಮಖಾನದ ಪರದೆ. ಮುಂಗಾಜಿನಷ್ಟು ದೊಡ್ಡ ತೆಳು ಗೋಡೆ ವ್ಯಾನಿನಲ್ಲಿ ಇನ್ನೊಂದಿಲ್ಲ, ಅದನ್ನು ಹೊರಗಿಟ್ಟರೆ ಅರ್ಧ ಕೆಲಸ ಆದಂತೆ.

ಕಾಫಿ ಹೊಟ್ಟನ್ನು ಗೋಡೆಯೊಳಗೆ ತುಂಬಿದರೆ ಹೇಗೆ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬೇಡ. ತೇವ ಹೀರಿ ಬೂಸ್ಟು ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಛಾವಣಿಯಲ್ಲಿ ಒಂದು ಕಿಂಡಿ, ಕೆಳಗೆ ಬಾಗಿಲ ಬಳಿ ಒಂದು ಸೀಳು ಸದಾ ತೆರೆದಿರುತ್ತವೆ. ಬಿಸಿ ಗಾಳಿ ತೇವವನ್ನು ಹೊತ್ತು ಮೇಲಿನಿಂದ ಹೋಗುತ್ತದೆ, ತಣ್ಣನೆಯದು ಕೆಳಗಿನಿಂದ ಬರುತ್ತದೆ. ಒಂದೆರಡು ಡಿಗ್ರಿ ಕಳೆದುಕೊಳ್ಳುತ್ತೇನೆ, ನಿಜ. ಒಣಗಿದ ಹಾಸಿಗೆಗೆ ನಾನು ತೆರುವ ಬೆಲೆ ಅದು, ಸಂತೋಷದಿಂದ ತೆರುತ್ತೇನೆ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ನಾನು ಇವತ್ತು ಬಂದದ್ದೇ ಇದಕ್ಕೆ.

ನಾಲ್ಕನೆಯ ಸೀಸನ್‌ನಲ್ಲಿ ಅಕ್ಕನ ಗಂಡ, ನನ್ನ ಭಾವ, ಕೈಸಹಾಯಕ್ಕೆ ಬಂದಿದ್ದರು. ಗಿರಿಯ ಕಡೆಯ ತೋಟ, ಜನವರಿ. ನಾನು ಪಲ್ಪರ್ ಮನೆಯಲ್ಲಿ ಡ್ರಮ್ಮು ಕೂರಿಸುತ್ತಿದ್ದೆ. ಹತ್ತು ಗಂಟೆಗೆ ಅವರಿಗೆ ನಡುಕ ಹತ್ತಿತು, “ನಾನು ಮಲಗಿರುತ್ತೇನೆ, ನೀನು ಮುಗಿಸಿಕೊಂಡು ಬಾ” ಎಂದು ಹೋದರು. ಹೋಗುವಾಗ ಹಂಡೆಯ ಒಲೆಯಿಂದ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ವ್ಯಾನಿಗೆ ತೆಗೆದುಕೊಂಡು ಹೋಗಿದ್ದರು. ಮಲೆನಾಡಿನ ಯಾವ ಮನೆಯಲ್ಲಿ ಅಗ್ಗಿಷ್ಟಿಕೆ ಇಲ್ಲ? ಬಾಣಂತಿಯ ಕೋಣೆಗೆ ಇಡುತ್ತೇವೆ, ಮಳೆಗಾಲದಲ್ಲಿ ಅದರ ಮೇಲೆ ಬಟ್ಟೆ ಒಣಗಿಸುತ್ತೇವೆ. ಅವರಿಗೆ ಅದು ಅಪಾಯವೆಂದು ಹೊಳೆಯಲು ಕಾರಣವೇ ಇರಲಿಲ್ಲ. ಆದರೆ ಹೆಂಚಿನ ಮನೆಗೆ ನೂರು ಕಡೆ ಗಾಳಿ ಆಡುತ್ತದೆ. ನನ್ನ ವ್ಯಾನನ್ನು ನಾನೇ ಕೈಯಾರೆ ಸಂದಿಗೊಂದಿಗಳಿಗೆಲ್ಲ ರಬ್ಬರ್ ಅಂಟಿಸಿ ಮುಚ್ಚಿದ್ದೆ. ಚಳಿಯೆಂದು ಅವರು ಮೇಲಿನ ಕಿಂಡಿಯನ್ನೂ ಮುಚ್ಚಿ, ಪಕ್ಕದ ಕಿಟಕಿಯನ್ನು ಎರಡು ಬೆರಳಿನಷ್ಟು ಮಾತ್ರ ಬಿಟ್ಟಿದ್ದರು.

ಹನ್ನೆರಡೂವರೆಗೆ ಬಂದು ಬಾಗಿಲು ಬಡಿದೆ. “ಭಾವ, ಬಾಗಿಲು ತೆಗೆಯಿರಿ.” ಸದ್ದಿಲ್ಲ. ಇನ್ನೊಂದು ಕೀಲಿಯಿಂದ ತೆಗೆದೆ. ಒಳಗೆ ಹಿತವಾದ ಬಿಸಿ ಇತ್ತು. ಹೊಗೆ ಎಳ್ಳಷ್ಟೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಕೆಂಡ ಕೆಂಪಗೆ, ಶಾಂತವಾಗಿ ಉರಿಯುತ್ತಿತ್ತು. ಅವರು ಹಾಸಿಗೆಯಿಂದ ಅರ್ಧ ಜಾರಿ, ಒಂದು ಕೈಯನ್ನು ಬಾಗಿಲ ಕಡೆ ಚಾಚಿ ಬಿದ್ದಿದ್ದರು. ಹೊರಗೆಳೆದು ಹುಲ್ಲಿನ ಮೇಲೆ ಮಲಗಿಸಿ ಕೂಗಿದೆ. ತೋಟದವರ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದೆವು, ದಾರಿಯುದ್ದಕ್ಕೂ ಕಿಟಕಿ ತೆರೆದಿಟ್ಟು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಗಂಟೆಗಟ್ಟಲೆ ಆಮ್ಲಜನಕ ಕೊಟ್ಟರು, ಉಳಿದರು. ಎರಡು ದಿನದ ಮೇಲೆ ಅವರು ಹೇಳಿದ್ದನ್ನು ನಾನು ಮರೆಯಲಾರೆ. “ತಲೆ ಸಿಡಿಯುತ್ತಿತ್ತು. ಏನೋ ಸರಿಯಿಲ್ಲ, ಎದ್ದು ಬಾಗಿಲು ತೆಗೆಯಬೇಕು ಎಂದು ಗೊತ್ತಾಗುತ್ತಿತ್ತು. ಕಾಲು ಏಳಲೇ ಇಲ್ಲ ಕಣೋ.”

ಇದ್ದಿಲು, ಸೌದೆ, ಗ್ಯಾಸ್, ಪೆಟ್ರೋಲ್, ಯಾವುದೇ ಇರಲಿ, ಸಾಕಷ್ಟು ಗಾಳಿ ಸಿಗದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹೊಗೆಯಾಡುವ ಸೌದೆ ಕೆಮ್ಮಿಸಿಯಾದರೂ ಎಬ್ಬಿಸುತ್ತದೆ, ಹೊಗೆಯಿಲ್ಲದ ಕೆಂಡ ಅಷ್ಟೂ ಮಾಡುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೊಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಮ್ಮೆ ಹೊಕ್ಕಿತೆಂದರೆ, ಬರಿಯ ಗಾಳಿಯಲ್ಲಿ ಉಸಿರಾಡುತ್ತಿದ್ದರೆ ಅದರ ಅರ್ಧ ಭಾಗ ಹೊರಹೋಗಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಡುವುದು ಅದಕ್ಕಾಗಿ, ಆಗ ಒಂದು, ಒಂದೂವರೆ ಗಂಟೆಗೆ ಇಳಿಯುತ್ತದೆ. ತಲೆನೋವು, ಹೊಟ್ಟೆ ತೊಳಸುವುದು, ಮಂಪರು, ಕಾಲಲ್ಲಿ ಬಲವಿಲ್ಲದಿರುವುದು, ಇವು ಲಕ್ಷಣಗಳು. ನಿದ್ದೆಯಲ್ಲಿರುವವರಿಗೆ ಇವು ಯಾವುವೂ ಗೊತ್ತಾಗುವುದಿಲ್ಲ.

ದೂರದ ಮಾತಲ್ಲ ಇದು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಸತ್ತಿದ್ದರು. ಜನರೇಟರ್‌ನಿಂದ ಒಳಗೆ ನುಗ್ಗಿದ ಇದೇ ಅನಿಲ ಕಾರಣವೆಂದು ಆಮೇಲೆ ತಿಳಿಯಿತು. ಅವರು ಕೆಲಸದ ಮೇಲೆ ಹೊರಟಿದ್ದವರು, ನನ್ನ ಹಾಗೆಯೇ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಅಗ್ಗಿಷ್ಟಿಕೆ ವ್ಯಾನಿನ ಒಳಗೆ ಬರಕೂಡದು. ಕಿಟಕಿ ಸ್ವಲ್ಪ ತೆರೆದಿಟ್ಟಿದ್ದೇನೆ ಎಂಬ ಸಮಾಧಾನ ಬೇಡ, ಭಾವನ ಕಿಟಕಿಯೂ ತೆರೆದೇ ಇತ್ತು. ಗ್ಯಾಸ್ ಒಲೆ ಹಚ್ಚಿಕೊಂಡು ಮಲಗಬೇಡಿ. ಎಂಜಿನ್ ಚಾಲೂ ಇಟ್ಟು ಅದರ ಬಿಸಿಗಾಳಿಯಲ್ಲಿ ಮಲಗಬೇಡಿ, ಸೈಲೆನ್ಸರ್ ಎಲ್ಲಿ ಸೋರುತ್ತಿದೆಯೆಂದು ನಿಮಗೆ ಗೊತ್ತಿರುವುದಿಲ್ಲ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂಗೈಯಲ್ಲಿ ಹಿಡಿಸುವಷ್ಟಿರುತ್ತದೆ, ಅದನ್ನು ದಿಂಬಿನ ಎತ್ತರದಲ್ಲಿ ಗೋಡೆಗೆ ಹಾಕಿ. ಈ ಅನಿಲ ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕವಿರುವುದರಿಂದ ಎಲ್ಲ ಕಡೆ ಬೆರೆತುಕೊಳ್ಳುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಅದು ಸೋರಿದರೆ ನೆಲ ಹಿಡಿಯುತ್ತದೆ, ಅದರ ಅಲಾರಂ ಕೆಳಗಿರಬೇಕು. ಎರಡೂ ಬೇರೆ ಬೇರೆ. ಯಾರಾದರೂ ಹೀಗೆ ಬಿದ್ದಿದ್ದರೆ ಮೊದಲು ಬಾಗಿಲು ತೆರೆದು ಹೊರಗೆಳೆಯಿರಿ, ಆಮೇಲೆ 108ಕ್ಕೆ ಕರೆ ಮಾಡಿ.

ಹಾಗಾದರೆ ಬಿಸಿಗೆ ಏನು ಮಾಡಬೇಕು? ನಾನು ಬಿಸಿನೀರನ್ನು ನಂಬಿದ್ದೇನೆ. ಹಂಡೆಯ ನೀರನ್ನು ತುಂಬಿದ ಎರಡು ಲೀಟರ್‌ನ ರಬ್ಬರ್ ಚೀಲ 70 ಡಿಗ್ರಿಯಿಂದ 35ಕ್ಕೆ ಇಳಿಯುವಷ್ಟರಲ್ಲಿ ನಿಮ್ಮ ಮೈ ಒಂದು ಗಂಟೆಯಲ್ಲಿ ಬಿಡುವಷ್ಟು ಬಿಸಿಯನ್ನು ಕೊಡುತ್ತದೆ, ಅದನ್ನೂ ಹೊದಿಕೆಯ ಒಳಗೇ ಕೊಡುತ್ತದೆ. ಮಲಗುವ ಕಾಲು ಗಂಟೆ ಮುಂಚೆ ಹಾಸಿಗೆಯ ನಡುವೆ ಇಟ್ಟು, ಆಮೇಲೆ ಪಾದಕ್ಕೆ ತಳ್ಳಿ. ಬಟ್ಟೆ ಸುತ್ತಿಯೇ ಇಡಿ, ನಿದ್ದೆಯಲ್ಲಿ ಚರ್ಮ ಸುಟ್ಟದ್ದು ಬೆಳಿಗ್ಗೆಯೇ ಗೊತ್ತಾಗುವುದು. ಬ್ಯಾಟರಿಯಿಂದ ಹೀಟರ್ ಓಡಿಸುವ ಆಸೆಯನ್ನು ಬಿಟ್ಟುಬಿಡಿ. 100 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿರುವುದೇ 1,200 ವಾಟ್-ಅವರ್, ಲೆಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಬಳಸಬಹುದು. ಸಾವಿರ ವಾಟ್‌ನ ಹೀಟರ್ ಅರ್ಧ ಗಂಟೆಯಲ್ಲಿ ಅದನ್ನು ಮುಗಿಸುತ್ತದೆ. ಅದೇ ಬ್ಯಾಟರಿ 50 ವಾಟ್‌ನ ಬಿಸಿಹಾಸನ್ನು ರಾತ್ರಿಯಿಡೀ ನಡೆಸುತ್ತದೆ. ಇಡೀ ವ್ಯಾನನ್ನು ಕಾಯಿಸಲು ಹೋಗದೆ ಮಲಗಿದವರನ್ನು ಕಾಯಿಸಿದರೆ ಸಾಕು.

ಇನ್ನು ವ್ಯಾನ್ ನಿಲ್ಲಿಸುವ ಜಾಗ. ತಣ್ಣನೆಯ ಗಾಳಿ ಭಾರ, ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಳ್ಳದ ಪಕ್ಕ, ಗದ್ದೆ ಬಯಲಿನ ಮೂಲೆ ನೋಡಲು ಚೆಂದ, ಮಲಗಲು ಕಷ್ಟ. ಒಂದೇ ರಾತ್ರಿ ಗದ್ದೆಯ ಬದಿಗೂ ಇಳಿಜಾರಿನ ನಡುಮಟ್ಟಕ್ಕೂ ಮೂರು ಡಿಗ್ರಿ ವ್ಯತ್ಯಾಸ ಕಂಡಿದ್ದೇನೆ. ತೋಟದ ಹಳಬರು ಮನೆಗಳನ್ನು ಇಳಿಜಾರಿನ ನಡುವೆ ಕಟ್ಟಿದ್ದು ಸುಮ್ಮನೆ ಅಲ್ಲ. ಮೋಡವಿಲ್ಲದ ರಾತ್ರಿ ಬಯಲಿನಲ್ಲಿ ನಿಂತ ವ್ಯಾನಿನ ಛಾವಣಿ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಅದಕ್ಕೇ ಬೆಳಿಗ್ಗೆ ಅದರ ಮೇಲೆ ಇಬ್ಬನಿ ಸುರಿಯುತ್ತಿರುತ್ತದೆ. ಮರದಡಿ ನಿಂತರೆ ಎಲೆಗಳೇ ಹೊದಿಕೆ. ಸಿಲ್ವರ್ ಮರದಡಿ ಒಣಗಿದ ಕೊಂಬೆ ಇದೆಯೇ ನೋಡಿಕೊಳ್ಳಿ. ಹಾಲುವಾಣದಡಿ ಬೇಡ, ಅದರ ಕೊಂಬೆ ಬೇಗ ಮುರಿಯುತ್ತದೆ. ಮುಂಗಾಜು ಪೂರ್ವಕ್ಕಿದ್ದರೆ ಎಳೆಬಿಸಿಲು ಮೊದಲು ಒಳಗೇ ಬರುತ್ತದೆ.

ಆನೆಯ ವಿಷಯ ಬಿಡುವಂತಿಲ್ಲ. ಮೂಡಿಗೆರೆ, ಆಲ್ದೂರು, ಬೇಲೂರು, ಸಕಲೇಶಪುರ, ಆಲೂರು, ಈ ಸೀಮೆಯಲ್ಲಿ ತೋಟದ ದಾರಿಗಳಲ್ಲಿ ರಾತ್ರಿ ಆನೆ ಓಡಾಡುತ್ತವೆ. ಜನ ಸತ್ತಿದ್ದಾರೆ. ತೋಟದವರನ್ನು ಕೇಳದೆ ಎಲ್ಲೂ ನಿಲ್ಲಿಸಬೇಡಿ, ವ್ಯಾನಿನಲ್ಲಿ ಬಾಳೆಗೊನೆ ಇಟ್ಟುಕೊಳ್ಳಬೇಡಿ, ಬೆಂಕಿ ಕಾಯಿಸಲೆಂದು ಕತ್ತಲಲ್ಲಿ ಇಳಿಯಬೇಡಿ. ಮುಳ್ಳಯ್ಯನಗಿರಿಯ ತುದಿಯಲ್ಲಿ ರಾತ್ರಿ ತಂಗಲು ಅವಕಾಶವೂ ಇಲ್ಲ, ದಾರಿಯಲ್ಲಿ ಸಿಗುವ ಕೈಮರದ ಚೆಕ್‌ಪೋಸ್ಟ್‌ನವರೊಂದಿಗೆ ವಾದ ಮಾಡಬೇಡಿ.

ಕೊನೆಯದಾಗಿ ಹಗಲಿನ ಕೆಲಸ. ರಾತ್ರಿಯ ಬೆಚ್ಚಗೆ ಹಗಲಿನಲ್ಲೇ ತೀರ್ಮಾನವಾಗುತ್ತದೆ. ಕಣದಲ್ಲಿ ಕಾಫಿಯನ್ನು ಹೇಗೆ ನೋಡಿಕೊಳ್ಳುತ್ತಾರೆಂದು ಗಮನಿಸಿ. ಮಂಜು ಸರಿದ ಮೇಲೆ ಹರಡುತ್ತಾರೆ, ಆಗಾಗ ಕೈಯಾಡಿಸುತ್ತಾರೆ, ಬಿಸಿಲು ಬಾಡುವ ಮುಂಚೆ ರಾಶಿ ಮಾಡಿ ಟಾರ್ಪಾಲ್ ಹೊದಿಸುತ್ತಾರೆ. ಸಂಜೆಯ ತೇವ ಕುಳಿತರೆ ದಿನವಿಡೀ ಒಣಗಿಸಿದ್ದು ವ್ಯರ್ಥ. ನನ್ನ ಕಂಬಳಿಗೂ ಇದೇ ಕ್ರಮ. ಹತ್ತು ಗಂಟೆಗೆ ಕಣದ ಮೂಲೆಯಲ್ಲಿ ಹರಡುತ್ತೇನೆ, ನಡುಮಧ್ಯಾಹ್ನ ಮಗುಚುತ್ತೇನೆ, ನಾಲ್ಕು ಗಂಟೆಗೆ ಹೆಂಗಸರು ಕಾಫಿಯನ್ನು ಗುಡ್ಡೆ ಹಾಕಲು ಶುರು ಮಾಡಿದಾಗ ಬಿಸಿಲಿನ ಬಿಸಿ ಇನ್ನೂ ಇರುವಾಗಲೇ ಮಡಿಸಿ ಒಳಗಿಡುತ್ತೇನೆ. ಎಷ್ಟೇ ಕೆಲಸವಿದ್ದರೂ ಇದನ್ನು ತಪ್ಪಿಸುವುದಿಲ್ಲ. ಮಲಗುವ ಮುಂಚೆ ದಿನದ ಬಟ್ಟೆಯನ್ನು ಪೂರ್ತಿ ಬದಲಿಸುತ್ತೇನೆ, ಒಳಗಿನ ಬನಿಯನ್ನೂ ಸೇರಿ. ಬೆವರಿದ ಬನಿಯನ್ ಮೇಲೆ ನಾಲ್ಕು ಸ್ವೆಟರ್ ಹಾಕಿದರೂ ಚಳಿ ಬಿಡುವುದಿಲ್ಲ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಹೊರಗೆ ಮಂಜು ಕವಿದಿರುವಾಗ ಕಿಂಡಿ ತೆರೆದರೆ ಇನ್ನಷ್ಟು ತೇವ ಒಳಗೆ ಬರುವುದಿಲ್ಲವೇ ಎಂದು ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಹತ್ತು ಡಿಗ್ರಿಯ ಮಂಜಿನ ಗಾಳಿಯಲ್ಲಿ ಕಣ್ಣಿಗೆ ನೀರು ಕಾಣುತ್ತದೆ, ಆದರೆ ಒಟ್ಟು ನೀರು ಕಡಿಮೆ. ಅದೇ ಗಾಳಿ ಒಳಗೆ ಬಂದು ಹದಿನಾರು ಹದಿನೇಳು ಡಿಗ್ರಿಗೆ ಬೆಚ್ಚಗಾದಾಗ ಇನ್ನೂ ನಾಲ್ಕೈದು ಗ್ರಾಂ ತೇವವನ್ನು ಹೊತ್ತುಕೊಳ್ಳಲು ಅದಕ್ಕೆ ಶಕ್ತಿ ಬರುತ್ತದೆ. ನಿಮ್ಮ ಉಸಿರನ್ನು ಹೊತ್ತುಕೊಂಡು ಹೋಗುವುದು ಅದೇ.

ಡೀಸೆಲ್ ಹೀಟರ್ ಹಾಕಿಸಬಹುದೇ ಎಂದು ಒಬ್ಬರು ಕೇಳಿದರು. ಸರಿಯಾಗಿ ಕೂರಿಸಿದ ಡೀಸೆಲ್ ಹೀಟರ್ ಉರಿಯಲು ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುತ್ತದೆ, ಒಳಗಿನ ಗಾಳಿಯನ್ನು ಕಾಯಿಸುತ್ತದೆ ಅಷ್ಟೆ. ಹಿಮಾಲಯದ ಕಡೆ ಹೋಗುವವರಿಗೆ ಅದು ಬೇಕು. ನಮ್ಮ ಚಳಿಗೆ ನನಗೆ ಅದರ ಅಗತ್ಯ ಬಿದ್ದಿಲ್ಲ. ಹಾಕಿಸಿದರೂ ಅಲಾರಂ ಇರಲೇಬೇಕು. ವ್ಯಾನಿನ ಒಳಗನ್ನು ಬದಲಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಇಲ್ಲದೆ ಮಾಡಿದ ಬದಲಾವಣೆ ಮುಂದೆ ತೊಂದರೆ ತರುತ್ತದೆ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ತಾಯಿಯೊಬ್ಬರು ಎದ್ದು, “ನಿಮ್ಮ ಭಾವ ಈಗ ಹೇಗಿದ್ದಾರಪ್ಪಾ?” ಎಂದು ಕೇಳಿದರು. ಚೆನ್ನಾಗಿದ್ದಾರೆ ಅಮ್ಮ. ಪ್ರತಿ ಜನವರಿ ಈಗಲೂ ನನ್ನ ಜೊತೆ ಬರುತ್ತಾರೆ, ಅದೇ ವ್ಯಾನಿನಲ್ಲಿ, ಅದೇ ಮಂಚದ ಮೇಲೆ ಮಲಗುತ್ತಾರೆ. ದೀಪ ಆರಿಸುವ ಮೊದಲು ಎದ್ದು ಕುಳಿತು, ಮೇಲಿನ ಕಿಂಡಿಗೆ ಅಂಗೈ ಒಡ್ಡಿ ಗಾಳಿಯಾಡುತ್ತಿದೆಯೇ ಎಂದು ನೋಡುತ್ತಾರೆ. ಆಮೇಲೆ ಕಂಬಳಿ ಎಳೆದುಕೊಳ್ಳುತ್ತಾರೆ.